ಟರ್ನ್‌ಅರೌಂಡ್ ಕಲಿಸಿದ ಹಲಗೆಯಾಟ: ನನ್ನ ಅನುಭವ

ಬೆಂಗಳೂರು ವಿಮಾನ ನಿಲ್ದಾಣದ ರ‍್ಯಾಂಪ್ (ವಿಮಾನ ನಿಲ್ಲುವ ಅಂಗಳ) ಸಿಬ್ಬಂದಿಗೆ ತರಬೇತಿ ಕೊಡುವ ನಾನು, ಎ320 ವಿಮಾನ ಬಂದು ನಿಂತು ಮತ್ತೆ ಹೊರಡುವವರೆಗಿನ ಕೆಲಸಗಳನ್ನು, ಅಂದರೆ ಅದರ ಟರ್ನ್‌ಅರೌಂಡನ್ನೇ ಆಟವಾಗಿಸಿ ಲೋಡರ್, ಇಂಧನ, ಕೇಟರಿಂಗ್, ಗೇಟ್, ಲೋಡ್ ಕಂಟ್ರೋಲ್ (ವಿಮಾನದ ತೂಕದ ಲೆಕ್ಕ ಇಡುವವರು) ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುತ್ತೇನೆ ಎಂದಾಗ, “ಕೆಲಸ ಬಿಟ್ಟು ಚೌಕಾಬಾರ ಆಡಿಸುತ್ತೀರಾ ಸರ್?” ಎಂದು ನಕ್ಕವರೇ ಹೆಚ್ಚು. ಹಾಗೆ ನಕ್ಕವರು ಈಗ ತಮ್ಮ ಹೊಸ ಬ್ಯಾಚುಗಳನ್ನು ತಾವಾಗಿಯೇ ಕಳುಹಿಸುತ್ತಿದ್ದಾರೆ.

ಮೊದಲು ಟ್ಯಾಬ್ಲೆಟ್ಟಿನಲ್ಲಿ ಆಡುವ ಆ್ಯಪ್ ಒಂದನ್ನು ಮಾಡಿಸಿದೆವು. ಅದಕ್ಕೆ ಹೆಚ್ಚುಕಡಿಮೆ 3 ಲಕ್ಷ ರೂಪಾಯಿ ಹೋಯಿತು. ಚಿತ್ರಗಳು ಚೆನ್ನಾಗಿದ್ದವು, ಅಂಕಗಳೂ ಬರುತ್ತಿದ್ದವು. ಆದರೆ ಪ್ರತಿಯೊಬ್ಬನೂ ತನ್ನ ಪರದೆಯೊಳಗೆ ಮುಳುಗಿದ್ದರಿಂದ ಪಕ್ಕದವನ ಜೊತೆ ಒಂದು ಮಾತೂ ಹುಟ್ಟಲಿಲ್ಲ. ಮಾತು ಹುಟ್ಟದಿದ್ದರೆ ಆ ಆಟದಿಂದ ನಮಗೇನೂ ಪ್ರಯೋಜನವಿರಲಿಲ್ಲ. ಆಮೇಲೆ ಫ್ಲೆಕ್ಸಿನ ಮೇಲೆ ವಿಮಾನ ನಿಲ್ಲಿಸುವ ಸ್ಟ್ಯಾಂಡಿನ ನಕ್ಷೆ ಮುದ್ರಿಸಿ, ಅವೆನ್ಯೂ ರಸ್ತೆಯಲ್ಲಿ ಕಾರ್ಡುಗಳನ್ನು ಕತ್ತರಿಸಿ ತಂದೆವು. ಒಂದು ಸೆಟ್ಟಿಗೆ ಎಲ್ಲ ಸೇರಿ 4 ಸಾವಿರ ದಾಟಿರಲಾರದು. ಕೇಟರಿಂಗ್ ಲಾರಿ, ಬೆಲ್ಟ್ ಲೋಡರ್, ಇಂಧನದ ಬೌಸರ್ ಮೂರೂ ವಿಮಾನದ ಬಲಗಡೆಗೇ ನುಗ್ಗುವ ತೊಡಕನ್ನು ಆ ನಕ್ಷೆ ನೋಡಿದ ಕೂಡಲೇ ಎಲ್ಲರೂ ಗುರುತಿಸಿದರು.

ಆದರೂ ಆಟ ಕೂಡಲಿಲ್ಲ. ಕಾರಣ ಅಂಕ ಕೊಡುವ ಕ್ರಮದಲ್ಲಿತ್ತು. ಪ್ರತಿ ವಿಭಾಗಕ್ಕೂ ಪ್ರತ್ಯೇಕ ಅಂಕವಿದ್ದು, ವಿಳಂಬದ ಕೋಡ್ (ತಡದ ಕಾರಣ ಸೂಚಿಸುವ ಅಂಕಿ) ಯಾರ ಹೆಸರಿಗೆ ಬಿತ್ತೋ ಅವರ ಅಂಕ ಕಡಿತವಾಗುತ್ತಿತ್ತು. ಒಂದು ಸುತ್ತನ್ನು ಹೇಳುತ್ತೇನೆ. ಚೆಕ್‌ಇನ್ ಆದ ಪ್ರಯಾಣಿಕನೊಬ್ಬ ಗೇಟಿಗೆ ಬಂದಿಲ್ಲ ಎಂಬ ಕಾರ್ಡ್ ಗೇಟಿನವರ ಕೈಯಲ್ಲಿದೆ. ಇನ್ನೊಂದು ಬಾರಿ ಕೂಗಿ ನೋಡೋಣವೆಂದು ಅವರು ಸುಮ್ಮನಿರುತ್ತಾರೆ. ಕೊನೆಗಳಿಗೆಯಲ್ಲಿ ವಿಷಯ ಹೊರಬಿದ್ದಾಗ ಲೋಡರ್‌ಗಳು ಹೋಲ್ಡಿನ (ವಿಮಾನದ ಸಾಮಾನು ಕೋಣೆ) ಒಳಗೆ ಜೋಡಿಸಿಟ್ಟ ಚೀಲಗಳನ್ನೆಲ್ಲ ಸರಿಸಿ ಆತನ ಚೀಲವನ್ನು ಹುಡುಕಿ ಇಳಿಸಬೇಕು, ತೂಕದ ಲೆಕ್ಕವಿರುವ ಲೋಡ್‌ಶೀಟ್ ತಿದ್ದಬೇಕು, ಅಷ್ಟರಲ್ಲಿ ಹೊರಡುವ ಸರದಿ ಕೈತಪ್ಪುತ್ತದೆ. ಇದು 32, ಲೋಡಿಂಗಿನ ವಿಳಂಬ ಎಂದು ಗೇಟಿನವರು. ಅಲ್ಲ 15, ಬೋರ್ಡಿಂಗಿನದು ಎಂದು ಲೋಡರ್‌ಗಳು. ರ‍್ಯಾಂಪಿನ ಜಗಳವನ್ನೇ ಎಸಿ ಕೋಣೆಗೆ ತಂದಂತಾಯಿತು, ಅಷ್ಟೇ.

ಅಂಕವನ್ನು ಇಡೀ ಮೇಜಿಗೆ ಒಂದೇ ಎಂದು ಬದಲಿಸಿ, ಅದನ್ನು ಟಿಒಬಿಟಿಗೆ, ಅಂದರೆ ವಿಮಾನ ಹೊರಡಲು ಸಿದ್ಧವಾಗುತ್ತದೆಂದು ಮುಂಚೆಯೇ ತಿಳಿಸುವ ಸಮಯಕ್ಕೆ, ಕಟ್ಟಿದ ಮೇಲೆ ಪರಿಸ್ಥಿತಿ ತಿರುಗಿತು. ಎ-ಸಿಡಿಎಂ (ನಿಲ್ದಾಣ, ವಿಮಾನ ಸಂಸ್ಥೆ, ಟವರ್ ಎಲ್ಲರೂ ಸಮಯದ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆ) ಇರುವ ನಿಲ್ದಾಣಗಳಲ್ಲಿ ಆ ಸಮಯ 5 ನಿಮಿಷದಷ್ಟು ಜಾರುವುದಾದರೂ ಮುಂಚೆಯೇ ತಿದ್ದಿ ತಿಳಿಸಬೇಕಲ್ಲವೇ? ಆಟದಲ್ಲಿಯೂ ಬೇಗ ತಿದ್ದಿದರೆ ದಂಡ ಅಲ್ಪ, ತಡವಾಗಿ ತಿದ್ದಿದರೆ ಭಾರಿ, ತಿದ್ದದೆ ಸಿಕ್ಕಿಬಿದ್ದರೆ ಸುತ್ತೇ ಸೋಲು. ಎರಡನೆಯ ಸುತ್ತಿಗೇ ಗೇಟಿನ ಹುಡುಗಿ ಕಾರ್ಡ್ ಬಂದ ಕ್ಷಣ, “ಅಣ್ಣ, ಒಬ್ಬರು ಬರೋದು ಅನುಮಾನ, ಆ ಚೀಲ ಎಲ್ಲಿದೆ ನೋಡಿಟ್ಟಿರಿ” ಎಂದಳು. ಅಂಕಿಅಂಶ ಕೇಳುವವರಿಗೆ ನೆನಪಿನಿಂದ ಹೇಳುವುದಾದರೆ, ಆಟವಾಡಿದ ಪಾಳಿಗಳಲ್ಲಿ ಕೊನೆಯ 10 ನಿಮಿಷದಲ್ಲಿ ಟಿಒಬಿಟಿ ತಿದ್ದುವುದು ಮೂರರಲ್ಲಿ ಒಂದು ಪಾಲಿನಷ್ಟು ಇಳಿದಿತ್ತು. ಅದೆಲ್ಲವೂ ಆಟದಿಂದಲೇ ಆಯಿತೆಂದು ನಾನು ಪಟ್ಟು ಹಿಡಿಯುವುದಿಲ್ಲ, ಆದರೆ ಬೇರೆ ಏನನ್ನೂ ಆ ತಿಂಗಳುಗಳಲ್ಲಿ ನಾವು ಬದಲಿಸಿರಲಿಲ್ಲ.

ಕಾರ್ಡುಗಳು ಮೊದಲು ಇಂಗ್ಲಿಷಿನಲ್ಲಿದ್ದವು. ಇಪ್ಪತ್ತು ವರ್ಷ ಸಾಮಾನು ಹೊತ್ತು ಅನುಭವವಿರುವ ಲೋಡರ್‌ಗಳು ಬಾಯಿ ಬಿಡುತ್ತಿರಲಿಲ್ಲ. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಹಿಂದಿ ಮುದ್ರಿಸಿದೆವು, ಟರ್ಮಿನಲ್ಲಿನಲ್ಲಿ ಬಳಸುವ ಪದಗಳನ್ನು ಮಾತ್ರ ಹಾಗೆಯೇ ಬಿಟ್ಟೆವು. ಆಮೇಲೆ ಅವರೇ ಸೂಪರ್‌ವೈಸರುಗಳನ್ನು ತಿದ್ದತೊಡಗಿದರು. ಎಂಜಿನ್ ಸದ್ದನ್ನು ಸ್ಪೀಕರಿನಲ್ಲಿ ಹಾಕಿ ಆಡಿಸಿದ ಪ್ರಯೋಗ ತಲೆನೋವು ತಂದದ್ದು ಬಿಟ್ಟರೆ ಬೇರೇನನ್ನೂ ಕೊಡಲಿಲ್ಲ. ಮರಳು ಗಡಿಯಾರಕ್ಕಿಂತ ಗೋಡೆ ಗಡಿಯಾರವೇ ಒಳ್ಳೆಯದು. ಮಿಂಚಿನ ಕಾರ್ಡ್ ಬಂದು ಇಂಧನ ತುಂಬುವುದು ನಿಂತಾಗ ಉಳಿದವರು ಆ ಬಿಡುವನ್ನು ಹೇಗೆ ಬಳಸುತ್ತಾರೆ ಎಂಬುದು ನೋಡಲು ಬಲು ಚೆಂದ. ಡಿಸೆಂಬರ್‌, ಜನವರಿಯ ಬೆಳಗಿನ ಮಂಜಿನ ಕಾರ್ಡಿಗೆ ಮಾತ್ರ ಹಳಬರು ಮೊದಲೇ ಸಿದ್ಧರಿರುತ್ತಾರೆ.

ಮೂರನೆಯ ಸುತ್ತಿನಲ್ಲಿ ಪಾತ್ರಗಳನ್ನು ಅದಲುಬದಲು ಮಾಡುತ್ತೇನೆ. ಯಾರನ್ನು ಯಾವ ಕುರ್ಚಿಗೆ ಕಳಿಸಬೇಕೆಂದು ನಾನು ನಿರ್ಧರಿಸುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ತಿಳಿದು ಬಂದವರ ಮುಂದೆ ಅದು ನಡೆಯುವುದಿಲ್ಲ. ಉಳಿದದ್ದೆಲ್ಲ ಬಿಚ್ಚಿಟ್ಟಿದ್ದೇನೆ. ಮೇಜಿಗೆ ಆರರಿಂದ ಎಂಟು ಜನ, ಒಟ್ಟು ಒಂದೂವರೆ ಗಂಟೆ, ಅದರಲ್ಲಿ ಅರ್ಧ ಆಟದ ನಂತರದ ಮಾತಿಗೆ ಮೀಸಲು. ಮುಂದಿನ ಬ್ಯಾಚಿಗೆ ಪುಶ್‌ಬ್ಯಾಕ್ (ವಿಮಾನವನ್ನು ಹಿಂದಕ್ಕೆ ತಳ್ಳಿ ಹೊರಡಿಸುವುದು) ಸುತ್ತೊಂದನ್ನು ಸೇರಿಸುತ್ತಿದ್ದೇನೆ. ಟವರ್‌ನಿಂದ ಒಬ್ಬ ನಿಯಂತ್ರಕರು ಬಂದು ಕೂರಲು ಒಪ್ಪಿದ್ದಾರೆ, ಟಿಎಸ್‌ಎಟಿ (ಎಂಜಿನ್ ಚಾಲೂ ಮಾಡಲು ಅನುಮತಿ ಸಿಗುವ ಸಮಯ) ಹಂಚುವ ಕಾರ್ಡುಗಳನ್ನು ಅವರೇ ಬರೆಯುತ್ತಿದ್ದಾರೆ.