ತಾರಸಿಯ ಸ್ವಿಚ್‌ನಿಂದ ಫೈಬರ್‌ವರೆಗೆ: ನನ್ನ ಅನುಭವ

ಬೆಂಗಳೂರಿನ ಹನುಮಂತನಗರದ ಆಸುಪಾಸಿನಲ್ಲಿ ಕೇಬಲ್ ಟಿವಿ ಸಂಪರ್ಕ ಕೊಡುತ್ತಿದ್ದ ನಾನು 2008ರಲ್ಲಿ, ಪರವಾನಗಿ ಹೊಂದಿದ್ದ ಕಂಪನಿಯೊಂದರ ಫ್ರಾಂಚೈಸಿ ಪಡೆದು, ಅದೇ ಬೀದಿಗಳ ಮನೆಗಳಿಗೆ ಇಂಟರ್‌ನೆಟ್ ಕೊಡಲು ಆರಂಭಿಸಿದೆ. ಆಗ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕು, ಸರ್ಕಾರದ 2004ರ ನೀತಿಯ ಪ್ರಕಾರ ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. ಗ್ರಾಹಕರು ಸಿಗುವುದು ಕಷ್ಟವಾಗಲಿಲ್ಲ. ಅವರನ್ನು ಉಳಿಸಿಕೊಳ್ಳುವ ಬಗೆಯನ್ನು ಕಲಿಯಲು ವರ್ಷಗಳೇ ಹಿಡಿದವು.

ಮೊದಲು ನಾವು ಎಳೆಯುತ್ತಿದ್ದದ್ದು ತಾಮ್ರದ ಲ್ಯಾನ್ ಕೇಬಲ್. ಅದನ್ನು 100 ಮೀಟರ್‌ಗಿಂತ ಉದ್ದಕ್ಕೆ ನಂಬುವಂತಿಲ್ಲವಾದ್ದರಿಂದ ಅಲ್ಲಲ್ಲಿ ಮನೆಗಳ ತಾರಸಿಯ ಮೇಲೆ ತಗಡಿನ ಪೆಟ್ಟಿಗೆಯಲ್ಲಿ, ಸಂಪರ್ಕವನ್ನು ಹಲವು ಕೇಬಲ್‌ಗಳಿಗೆ ಹಂಚುವ ಸ್ವಿಚ್ ಎಂಬ ಯಂತ್ರ ಇಟ್ಟು, ಆ ಮನೆಯವರಿಂದಲೇ ಕರೆಂಟ್ ಪಡೆದು, ಪ್ರತಿಯಾಗಿ ಅವರ ತಿಂಗಳ ಶುಲ್ಕವನ್ನು ಬಿಡುತ್ತಿದ್ದೆವು. ಅವರು ಊರಿಗೆ ಹೊರಡುವಾಗ ಮೇನ್ ಆರಿಸಿದರೆ ಅಲ್ಲಿಂದಾಚೆಯ ಬೀದಿಗೆಲ್ಲ ಸಂಪರ್ಕ ಕಡಿಯುತ್ತಿತ್ತು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಮರುದಿನವಂತೂ ಸುಟ್ಟ ಪೋರ್ಟ್‌ಗಳನ್ನು ಬದಲಿಸುವುದರಲ್ಲೇ ಕಳೆಯುತ್ತಿತ್ತು.

2014ರಲ್ಲಿ ಸಾಲ ಮಾಡಿ, ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಸಂಪರ್ಕ ಕೊಡುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಗೆ ಬದಲಾದೆ. ಕಚೇರಿಯ ಒಎಲ್‌ಟಿ ಯಂತ್ರದ ಒಂದು ಪೋರ್ಟ್‌ನಿಂದ ಹೊರಟ ಬೆಳಕು ಸ್ಪ್ಲಿಟರ್‌ಗಳಲ್ಲಿ ಕವಲೊಡೆದು ಹಲವು ಮನೆಗಳನ್ನು ತಲುಪುತ್ತದೆ, ನಡುವೆ ಎಲ್ಲಿಯೂ ಕರೆಂಟ್ ಬೇಕಿಲ್ಲ. ಆದರೆ ಪ್ರತಿ ಕವಲಿನಲ್ಲೂ ಬೆಳಕು ಕುಗ್ಗುತ್ತದೆ: ಎಂಟು ಕವಲಿನ ಒಂದು ಸ್ಪ್ಲಿಟರ್ ಸುಮಾರು 10.5 ಡೆಸಿಬೆಲ್ ನುಂಗುತ್ತದೆ, ಎರಡು ಹಂತಗಳಾದರೆ 21. ಬೆಳಕಿನ ಬಲವನ್ನು ಡಿಬಿಎಂನಲ್ಲಿ ಅಳೆಯುತ್ತೇವೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕ್ಷೀಣ. ಮನೆಯಲ್ಲಿ ಆ ಬೆಳಕನ್ನು ಪಡೆಯುವ ಒಎನ್‌ಯು ಪೆಟ್ಟಿಗೆ ಮೈನಸ್ 27 ಡಿಬಿಎಂವರೆಗೂ ಹಿಡಿಯುವುದರಿಂದ ಆರಂಭದಲ್ಲಿ ಮೈನಸ್ 26 ಬಂದರೂ, ದೀಪ ಹಸಿರಾಗಿದೆಯೆಂದು ಹುಡುಗರು ಕೆಲಸ ಮುಗಿಸಿ ಬರುತ್ತಿದ್ದರು, ನಾನೂ ಒಪ್ಪುತ್ತಿದ್ದೆ. ಅದು ನನ್ನ ದೊಡ್ಡ ತಪ್ಪು. ಮನೆಯೊಳಗೆ ಬರುವ ಡ್ರಾಪ್ ಕೇಬಲ್ ಕಿಟಕಿಯ ಸಂದಿಯಲ್ಲಿ ಸ್ವಲ್ಪ ಮಡಚಿದರೂ, ಕನೆಕ್ಟರ್‌ಗೆ ಧೂಳು ಕೂತರೂ ಅಂಥ ಮನೆಗಳ ಸಂಪರ್ಕ ಬಂದು ಹೋಗುತ್ತಿತ್ತು, ನಾವು ಹೋಗಿ ನೋಡುವ ಹೊತ್ತಿಗೆ ಎಲ್ಲ ಸರಿಯಿರುತ್ತಿತ್ತು. ಪವರ್ ಮೀಟರ್‌ನಲ್ಲಿ ಮೈನಸ್ 24ಕ್ಕಿಂತ ಕಡಿಮೆ ತೋರಿದರೆ ಸಂಪರ್ಕ ಮುಗಿದಂತಲ್ಲ ಎಂದು ಆಮೇಲೆ ನಿಯಮ ಮಾಡಿದೆ. ಮೊದಲ ದಿನದ ಅಳತೆಯನ್ನು ಮನೆವಾರು ಬರೆದಿಟ್ಟ ಮೇಲೆ, ದೂರು ಬಂದಾಗ ಎಷ್ಟು ಕುಸಿದಿದೆಯೆಂದು ಕಚೇರಿಯಿಂದಲೇ ಹೇಳಲು ಸಾಧ್ಯವಾಯಿತು.

2020ರ ಮಾರ್ಚ್‌ನ ಲಾಕ್‌ಡೌನ್‌ವರೆಗೆ ನಮ್ಮ ಒತ್ತಡದ ಹೊತ್ತು ರಾತ್ರಿ ಎಂಟರ ನಂತರ ಇತ್ತು. ಅದು ಒಮ್ಮೆಲೇ ಬೆಳಗಿನ ಹತ್ತಕ್ಕೆ ಬಂತು, ಅದೂ ವಿಡಿಯೊ ಮೀಟಿಂಗ್‌ಗಳಿಂದಾಗಿ ಮನೆಯಿಂದ ಹೊರಕ್ಕೆ ಹೋಗುವ ದಿಕ್ಕಿನಲ್ಲಿ. ಜಿಪಾನ್‌ನಲ್ಲಿ ಒಂದು ಪೋರ್ಟ್‌ನ ಮನೆಗಳೆಲ್ಲ ಹಂಚಿಕೊಳ್ಳಬೇಕಾದದ್ದು ಬರುವ ದಿಕ್ಕಿನಲ್ಲಿ 2.5 ಗಿಗಾಬಿಟ್, ಹೋಗುವ ದಿಕ್ಕಿನಲ್ಲಿ ಅದರ ಅರ್ಧ. ಲಾಭದಾಸೆಯಿಂದ ಅರವತ್ತು ಮನೆ ತುಂಬಿಸಿದ್ದ ಪೋರ್ಟ್‌ಗಳನ್ನು ಪಾಸ್ ಹಿಡಿದು ಓಡಾಡುತ್ತಾ ಮೂವತ್ತೆರಡಕ್ಕೆ ಇಳಿಸಿದೆವು.

ಇಂದಿಗೂ ತೀರದ ಕಷ್ಟವೆಂದರೆ ರಸ್ತೆ ಅಗೆತ. ಕೇಬಲ್ ತುಂಡಾದಾಗ ಒಟಿಡಿಆರ್ ಯಂತ್ರವು ಕಚೇರಿಯಿಂದ ಎಷ್ಟು ಮೀಟರ್ ದೂರದಲ್ಲಿ ತುಂಡಾಗಿದೆಯೆಂದು ತೋರಿಸುತ್ತದೆ, ಆದರೆ ಅದು ಅಳೆಯುವುದು ಫೈಬರ್‌ನ ಉದ್ದವನ್ನೇ ಹೊರತು ರಸ್ತೆಯ ಉದ್ದವನ್ನಲ್ಲ. ಪ್ರತಿ ಜಾಯಿಂಟ್ ಬಾಕ್ಸ್‌ನ ಬಳಿ ಹತ್ತು ಹದಿನೈದು ಮೀಟರ್ ಹೆಚ್ಚುವರಿ ಕೇಬಲ್ ಸುತ್ತಿಟ್ಟಿರುತ್ತೇವೆ. ಒಂದು ಮಳೆಯ ರಾತ್ರಿ ಯಂತ್ರ 1,340 ಮೀಟರ್ ಎಂದಿತು. ಸುರುಳಿಗಳ ಲೆಕ್ಕವಿರದೆ ಪಕ್ಕದ ಅಡ್ಡರಸ್ತೆಯಲ್ಲಿ ಎರಡು ಗಂಟೆ ಹುಡುಕಿದೆವು. ಜಾಗ ಸಿಕ್ಕ ಮೇಲೆ ಒಬ್ಬ ಕೊಡೆ ಹಿಡಿದು, ಇನ್ನೊಬ್ಬ ಹನ್ನೆರಡು ಎಳೆಗಳನ್ನು ಸ್ಪ್ಲೈಸ್ ಮಾಡಿ, ಅಂದರೆ ತುದಿಗೆ ತುದಿ ಬೆಸೆದು, ಮುಗಿಸುವಾಗ ಬೆಳಗಾಗಿತ್ತು. ಮರುವಾರದಿಂದ ಬಾಕ್ಸ್ ಬಾಕ್ಸಿನ ಸುರುಳಿಯನ್ನು ಅಳೆದು ನಕ್ಷೆಯಲ್ಲಿ ಗುರುತಿಸುತ್ತಿದ್ದೇವೆ. ಹನುಮಂತನಗರ ಮುಗಿದಿದೆ, ಶ್ರೀನಗರದ ಕಡೆ ಇನ್ನೂ ಅರ್ಧ ಬಾಕಿಯಿದೆ.