ಗ್ಲ್ಯಾಡ್‌ಸ್ಟನ್ನರ ಐರ್ಲೆಂಡ್ ಭಾಷಣಗಳನ್ನು ಓದುವ ಕ್ರಮ

ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿಲಿಯಂ ಗ್ಲ್ಯಾಡ್‌ಸ್ಟನ್ ಐರ್ಲೆಂಡಿನ ಬಗ್ಗೆ ಆಡಿದ ಮಾತುಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ ಎರಡು ಸಂಸತ್ತಿನಲ್ಲಿ ಆಡಿದವೇ ಅಲ್ಲ. ಐರ್ಲೆಂಡನ್ನು ಶಾಂತಗೊಳಿಸುವುದೇ ತಮ್ಮ ಕರ್ತವ್ಯವೆಂದು ಅವರು ಹೇಳಿದ್ದು 1868ರ ಡಿಸೆಂಬರಿನಲ್ಲಿ, ಹಾರ್ಡನ್ನಿನ ತಮ್ಮ ಎಸ್ಟೇಟಿನಲ್ಲಿ ಮರ ಕಡಿಯುತ್ತಿದ್ದಾಗ. ನಾಗರಿಕತೆಯ ಸಾಧನಗಳು ಇನ್ನೂ ಬರಿದಾಗಿಲ್ಲವೆಂದು ಎಚ್ಚರಿಸಿದ್ದು 1881ರ ಅಕ್ಟೋಬರಿನಲ್ಲಿ, ಲೀಡ್ಸ್ ನಗರದ ಸಾರ್ವಜನಿಕ ಸಭೆಯಲ್ಲಿ. ಆದ್ದರಿಂದ ಓದು ಆರಂಭಿಸುವವರು ಮೊದಲು ಬಿಡಿ ಹೇಳಿಕೆಗಳನ್ನು ಬದಿಗಿಟ್ಟು ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ಕಲಾಪವನ್ನೇ ಹಿಡಿಯಬೇಕು. ಅಲ್ಲಿ ಅವರು ಮಾತಾಡುವುದು ಒಂದು ಮಸೂದೆಯನ್ನು ಮುಂದಿಟ್ಟುಕೊಂಡು, ಎದುರಿಗೆ ಕುಳಿತವರ ಮತವನ್ನು ಗೆಲ್ಲುವುದಕ್ಕಾಗಿ.

ಕಾಲಕ್ರಮದಲ್ಲಿ ಓದುವುದಾದರೆ 1869ರ ಐರಿಷ್ ಚರ್ಚ್ ಮಸೂದೆ, 1870 ಮತ್ತು 1881ರ ಭೂ ಮಸೂದೆಗಳಿಂದ ತೊಡಗಬೇಕಾಗುತ್ತದೆ. ಆದರೆ ಮೊದಲ ಸಲ ಓದುವವರು ನೇರವಾಗಿ 1886ರ ಹೋಂ ರೂಲ್ ಮಸೂದೆಗೆ, ಅಂದರೆ ಐರ್ಲೆಂಡಿಗೆ ಅದರದೇ ಶಾಸನಸಭೆ ಕೊಡಲು ಹೊರಟ ಮಸೂದೆಗೆ, ಹೋಗುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಹಿಂದಿನ ಹದಿನೇಳು ವರ್ಷಗಳ ಪ್ರಯತ್ನಗಳನ್ನು ಅವರೇ ಅಲ್ಲಿ ಪರಿಶೀಲಿಸಿ, ಅವು ಏಕೆ ಸಾಲದಾದವೆಂದು ವಿವರಿಸುತ್ತಾರೆ. ಓದುವ ಮುನ್ನ ಎರಡು ಸಂಗತಿಗಳು ನೆನಪಿನಲ್ಲಿದ್ದರೆ ಸಾಕು: 1801ರಲ್ಲಿ ಜಾರಿಗೆ ಬಂದ ಬ್ರಿಟನ್–ಐರ್ಲೆಂಡ್ ಒಕ್ಕೂಟದಿಂದ ಡಬ್ಲಿನ್ನಿನ ಸಂಸತ್ತು ಇಲ್ಲವಾಗಿತ್ತು, 1885ರ ಚುನಾವಣೆಯಲ್ಲಿ ಐರಿಷ್ ನಾಯಕ ಪಾರ್ನೆಲ್ಲರ ಪಕ್ಷ 86 ಸ್ಥಾನ ಗೆದ್ದು, ಯಾರ ಸರ್ಕಾರ ಉಳಿಯಬೇಕೆಂಬುದನ್ನು ನಿರ್ಧರಿಸುವ ಬಲ ಪಡೆದಿತ್ತು.

ಭಾಷಣಗಳು ಸಿಗುವುದು ಹ್ಯಾನ್ಸಾರ್ಡ್ ಎಂಬ ಕಲಾಪ ವರದಿಯಲ್ಲಿ. ಅದನ್ನು ಉಲ್ಲೇಖಿಸುವಾಗ ಸರಣಿ, ಸಂಪುಟ ಮತ್ತು ಕಾಲಂ ಸಂಖ್ಯೆಯನ್ನು ಕೊಡುವುದು ರೂಢಿ. ಮಸೂದೆಯನ್ನು ಮಂಡಿಸಿದ 1886ರ ಏಪ್ರಿಲ್ 8ರ ಭಾಷಣ ಮೂರನೆಯ ಸರಣಿಯ 304ನೆಯ ಸಂಪುಟದಲ್ಲಿದೆ. ಒಂದು ಎಚ್ಚರಿಕೆ ಅಗತ್ಯ. 1909ಕ್ಕಿಂತ ಮೊದಲು ಹ್ಯಾನ್ಸಾರ್ಡ್ ಸಂಸತ್ತಿನ ಅಧಿಕೃತ ವರದಿಯಾಗಿರಲಿಲ್ಲ; ಬಹುಮಟ್ಟಿಗೆ ಪತ್ರಿಕೆಗಳ ವರದಿಗಳನ್ನು ಆಧರಿಸಿ ಅದನ್ನು ಸಿದ್ಧಪಡಿಸುತ್ತಿದ್ದರು. ಗ್ಲ್ಯಾಡ್‌ಸ್ಟನ್ನರಂಥ ನಾಯಕರ ಮಾತು ಉತ್ತಮ ಪುರುಷದಲ್ಲಿ ವಿಸ್ತಾರವಾಗಿ ಬಂದರೆ, ಸಾಮಾನ್ಯ ಸದಸ್ಯರ ಮಾತು ಪ್ರಥಮ ಪುರುಷದ ಸಂಗ್ರಹವಾಗಿ ಬರುವುದುಂಟು. ಆದ್ದರಿಂದ ಒಂದೇ ಪದದ ಮೇಲೆ ವಾದ ಕಟ್ಟುವವರು ಮರುದಿನದ ಟೈಮ್ಸ್ ಪತ್ರಿಕೆಯ ವರದಿಯೊಡನೆ ಹೋಲಿಸಿ ನೋಡಬೇಕು.

ಏಪ್ರಿಲ್ 8ರ ಭಾಷಣ ಸುಮಾರು ಮೂರೂವರೆ ಗಂಟೆ ನಡೆಯಿತು. ಒಂದೇ ಬಾರಿಗೆ ಓದಿ ಮುಗಿಸುವ ಹಟ ಬೇಡ. ಮೊದಲ ಓದಿನಲ್ಲಿ ಅರ್ಥಕ್ಕಿಂತ ವಾದದ ತಿರುವುಗಳನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಆರಂಭದಲ್ಲಿ ಅವರು ಭೂಮಿಯ ಪ್ರಶ್ನೆ ಮತ್ತು ಆಡಳಿತದ ಪ್ರಶ್ನೆ ಒಂದರಿಂದೊಂದು ಬಿಡಿಸಲಾಗದಂತೆ ಹೆಣೆದುಕೊಂಡಿವೆ ಎನ್ನುತ್ತಾರೆ. ಅನಂತರ ದಮನ ಕಾಯ್ದೆಗಳ ಲೆಕ್ಕಕ್ಕೆ ಬರುತ್ತಾರೆ: 1833ರಿಂದೀಚೆಗೆ ಐರ್ಲೆಂಡಿಗೆಂದೇ ಮಾಡಿದ ವಿಶೇಷ ಕಠಿಣ ಕಾನೂನು ಇಲ್ಲದ ವರ್ಷಗಳು ಎಷ್ಟು ವಿರಳವೆಂದು ತೋರಿಸಿ, ಅಪವಾದವಾಗಿರಬೇಕಾದದ್ದೇ ನಿತ್ಯದ ಆಡಳಿತವಾಗಿಬಿಟ್ಟಿದೆ ಎಂದು ಸಭೆಯ ಮುಂದಿಡುತ್ತಾರೆ. ಇಡೀ ಭಾಷಣದ ಆಧಾರ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಅಪರಾಧವನ್ನು ಅವರು ಅಲ್ಲಗಳೆಯುವುದಿಲ್ಲ. ಕಾನೂನು ಐರಿಷ್ ಜನರ ಬಳಿ ಪರದೇಶದ ಉಡುಪಿನಲ್ಲಿ ಬರುವುದರಿಂದಲೇ ಅದಕ್ಕೆ ಅಲ್ಲಿ ಗೌರವವಿಲ್ಲವೆಂದು ವಾದಿಸುತ್ತಾರೆ. ಸ್ವೀಡನ್–ನಾರ್ವೆ, ಆಸ್ಟ್ರಿಯಾ–ಹಂಗೇರಿಗಳ ನಿದರ್ಶನ ಬಂದಾಗ ಅವನ್ನು ಅಲಂಕಾರವೆಂದು ದಾಟಿ ಹೋಗಬಾರದು. ಎರಡು ಶಾಸನಸಭೆಗಳಿದ್ದರೆ ರಾಜ್ಯ ಒಡೆಯುತ್ತದೆಂಬ ಭಯಕ್ಕೆ ಅವರು ಕೊಡುವ ನೇರ ಉತ್ತರ ಅದು.

ಎರಡನೆಯ ಓದಿಗೆ ಮಸೂದೆಯ ಪಠ್ಯ ಪಕ್ಕದಲ್ಲಿರಲಿ. ರಾಜಮನೆತನ, ಯುದ್ಧ, ವಿದೇಶ ವ್ಯವಹಾರ, ಸುಂಕ ಇವು ಲಂಡನ್ನಿನ ಸಂಸತ್ತು ಇರುವ ವೆಸ್ಟ್‌ಮಿನ್‌ಸ್ಟರಿನಲ್ಲೇ ಉಳಿಯುತ್ತವೆ. ಐರಿಷ್ ಸದಸ್ಯರು ಮಾತ್ರ ಅಲ್ಲಿ ಇರುವುದಿಲ್ಲ. ಆದರೂ ಸಾಮ್ರಾಜ್ಯದ ವೆಚ್ಚದಲ್ಲಿ ಹದಿನೈದರಲ್ಲಿ ಒಂದು ಪಾಲನ್ನು ಐರ್ಲೆಂಡ್ ಹೊರಬೇಕು. ಹಣಕಾಸಿನ ಈ ಭಾಗ ಬೇಸರ ತರಿಸುತ್ತದೆಂದು ಹಲವರು ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ. ಪ್ರಾತಿನಿಧ್ಯವಿಲ್ಲದೆ ತೆರಿಗೆ ಹೇರುವುದು ಹೇಗೆ ಸರಿ ಎಂಬ ಪ್ರಶ್ನೆ ಹುಟ್ಟುವುದು ಇಲ್ಲೇ, ಮುಂದಿನ ವಾರಗಳ ಚರ್ಚೆಯಲ್ಲಿ ವಿರೋಧಿಗಳು ಮತ್ತೆ ಮತ್ತೆ ಒತ್ತಿದ ಜಾಗವೂ ಇದೇ.

ಆಮೇಲೆ ಮಸೂದೆಯನ್ನು ವಿರೋಧಿಸಿದವರ ಮಾತು ಓದಲೇಬೇಕು. ಮಾರ್ಚ್ ತಿಂಗಳಲ್ಲಿ ಸಂಪುಟ ತೊರೆದ ಜೋಸೆಫ್ ಚೇಂಬರ್‌ಲೇನ್ ಮರುದಿನವೇ, ಅಂದರೆ ಏಪ್ರಿಲ್ 9ರಂದು, ತಮ್ಮ ರಾಜೀನಾಮೆಯ ಕಾರಣ ವಿವರಿಸಿದರು. ಎರಡನೆಯ ವಾಚನದಲ್ಲಿ ಮಸೂದೆಯನ್ನು ತಿರಸ್ಕರಿಸಬೇಕೆಂದು ಕೇಳಿದವರು ಹಾರ್ಟಿಂಗ್‌ಟನ್. ಇಬ್ಬರೂ ಗ್ಲ್ಯಾಡ್‌ಸ್ಟನ್ನರ ಲಿಬರಲ್ ಪಕ್ಷದವರೇ. ಇವರ ಆಕ್ಷೇಪಗಳನ್ನು ತಿಳಿದ ಬಳಿಕ ಜೂನ್ 7ರ ಮುಕ್ತಾಯ ಭಾಷಣಕ್ಕೆ ಬಂದರೆ, ಅದರ ಭಾವೋತ್ಕರ್ಷ ಏಕೆ ಬೇಕಾಯಿತೆಂಬುದು ತಿಳಿಯುತ್ತದೆ. ಜಗತ್ತಿನ ಸಾಹಿತ್ಯವನ್ನೆಲ್ಲ ಜಾಲಾಡಿದರೂ ಐರ್ಲೆಂಡಿನ ವಿಷಯದಲ್ಲಿ ಇಂಗ್ಲೆಂಡ್ ನಡೆದುಕೊಂಡ ರೀತಿಯನ್ನು ಕಟುವಾಗಿ ಖಂಡಿಸದ ಒಂದು ದನಿಯಾದರೂ ಸಿಕ್ಕೀತೇ ಎಂದು ಅವರು ಕೇಳುವುದು ಆ ರಾತ್ರಿ. ತಡರಾತ್ರಿ ಕಳೆದು ಮತ ಎಣಿಸಿದಾಗ ಮಸೂದೆ 341–311ರಿಂದ ಸೋತಿತ್ತು. ಕೆಲವು ಪುಸ್ತಕಗಳಲ್ಲಿ 343–313 ಎಂದಿರುವುದು ತಪ್ಪಲ್ಲ; ಎರಡೂ ಕಡೆ ಮತ ಎಣಿಸಿದ ಇಬ್ಬಿಬ್ಬರನ್ನು ಸೇರಿಸಿದ ಲೆಕ್ಕ ಅದು.

ಕೊನೆಗೆ ಎರಡನೆಯ ಹೋಂ ರೂಲ್ ಮಸೂದೆಯನ್ನು ಮಂಡಿಸಿದ 1893ರ ಫೆಬ್ರವರಿ 13ರ ಭಾಷಣವನ್ನು ತೆಗೆದುಕೊಳ್ಳಿ. ಅದು ನಾಲ್ಕನೆಯ ಸರಣಿಯಲ್ಲಿದೆ. ಆಗ ಅವರಿಗೆ 83 ವರ್ಷ. ಇಲ್ಲಿ ಹುಡುಕಬೇಕಾದದ್ದು ಹಳೆಯ ಆಕ್ಷೇಪಕ್ಕೆ ಅವರು ಕೊಟ್ಟ ಹೊಸ ಉತ್ತರವನ್ನು: ಈ ಬಾರಿ 80 ಐರಿಷ್ ಸದಸ್ಯರು ವೆಸ್ಟ್‌ಮಿನ್‌ಸ್ಟರಿನಲ್ಲಿ ಉಳಿಯುತ್ತಾರೆ. ಅವರು ಯಾವ ವಿಷಯಗಳಿಗೆ ಮತ ಹಾಕಬಹುದೆಂಬ ನಿಯಮ ಬೇಸಗೆಯ ಚರ್ಚೆಯ ನಡುವೆಯೇ ಬದಲಾಯಿತಾದ್ದರಿಂದ, ಮಂಡನೆಯ ಭಾಷಣವನ್ನು ಸಮಿತಿ ಹಂತದ ಜುಲೈ ತಿಂಗಳ ಕಲಾಪದೊಡನೆ ಜೋಡಿಸಿಯೇ ಓದಬೇಕು. ಕಾಮನ್ಸ್ ಒಪ್ಪಿದ ಆ ಮಸೂದೆಯನ್ನು ಮೇಲ್ಮನೆಯಾದ ಲಾರ್ಡ್ಸ್ ಸಭೆ ಸೆಪ್ಟೆಂಬರಿನಲ್ಲಿ 419–41 ಮತಗಳಿಂದ ತಳ್ಳಿಹಾಕಿತು. ಆ ಸಭೆಯ ಚರ್ಚೆಯೂ ಅದೇ ಸರಣಿಯಲ್ಲಿ ಸಿಗುತ್ತದೆ.