ಪಂಚಶೀಲ ಪಾಲಿಸೋದು ಹೇಗೆ? ನಾಲ್ಕನೆಯದರಲ್ಲಿ ಹುಷಾರು

ಬುದ್ಧ ಪೂರ್ಣಿಮೆಯ ದಿನ ಹುರುಪಿನಿಂದ ಪಂಚಶೀಲ, ಅಂದರೆ ಬೌದ್ಧರ ಐದು ವ್ರತ ಹಿಡಿದು, ವಾರದೊಳಗೆ ಕೈಬಿಟ್ಟವರನ್ನು ದಾವಣಗೆರೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರು ಎಡವುವುದು ಒಂದೇ ಕಡೆ.

ಮೊದಲು ಐದನ್ನೂ ಬಾಯಿಬಿಟ್ಟು ಹೇಳಿಕೊಳ್ಳಿ. ಜೀವ ತೆಗೆಯುವುದಿಲ್ಲ, ಕೊಡದಿದ್ದನ್ನು ತೆಗೆದುಕೊಳ್ಳುವುದಿಲ್ಲ, ಲೈಂಗಿಕವಾಗಿ ತಪ್ಪು ನಡೆಯುವುದಿಲ್ಲ, ಸುಳ್ಳಾಡುವುದಿಲ್ಲ, ಅಮಲೇರಿಸುವುದನ್ನು ಮುಟ್ಟುವುದಿಲ್ಲ. ಇವು ಯಾರೋ ಹೇರಿದ ಆಜ್ಞೆಗಳಲ್ಲ, ನಾವಾಗಿ ಒಪ್ಪಿಕೊಳ್ಳುವ ಅಭ್ಯಾಸ. ತಪ್ಪಿದರೆ ಮತ್ತೆ ಹಿಡಿಯಿರಿ. ಇದಕ್ಕೆಂದು ನೀರು ಸುರಿಯುವ ಫೈಬರ್ ಬುದ್ಧನನ್ನು ಕೊಳ್ಳಬೇಡಿ, ಸುಮ್ನೆ ದುಡ್ಡು ದಂಡ.

ಮೊದಲನೆಯದರಲ್ಲಿ ಬೇಕಂತ ಕೊಲ್ಲುವುದಷ್ಟೇ ಲೆಕ್ಕ. ಗೊತ್ತಿಲ್ಲದೆ ಇರುವೆ ತುಳಿದರೆ ಶೀಲ ಮುರಿಯುವುದಿಲ್ಲ. ಎರಡನೆಯದಕ್ಕೆ ಮಂಡಿಯಲ್ಲಿ ತೂಕ ಹೊಡೆಯುವುದೂ ಸೇರುತ್ತದೆ. ಮೂರನೆಯದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನಾಲ್ಕನೆಯದು. ಫೋನಿನಿಂದಲೇ ಶುರು ಮಾಡಿ. ಮನೆಯಲ್ಲಿ ಚಪ್ಪಲಿ ಹುಡುಕುತ್ತಾ "ಹದಡಿ ರೋಡಲ್ಲಿದೀನಿ, ಐದೇ ನಿಮಿಷ" ಅನ್ನುತ್ತೇವಲ್ವಾ, ಅದನ್ನು ನಿಲ್ಲಿಸಬೇಕು. "ಇನ್ನೂ ಹೊರಟಿಲ್ಲ, ಅರ್ಧ ಗಂಟೆ ಆಗುತ್ತೆ" ಅನ್ನಿ. ಬೈದರೆ ಬೈಯಲಿ. ವಾಟ್ಸಾಪಿನಲ್ಲಿ ಬಂದದ್ದು ನಿಜವೋ ಅಲ್ಲವೋ ಗೊತ್ತಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. "ನಂಗೂ ಹಂಗೇ ಬಂದಿದ್ದು" ಅನ್ನುವ ನೆಪ ನಡೆಯುವುದಿಲ್ಲ.

ಇಷ್ಟು ಕಲಿತವರು ಮುಂದೆ ಇನ್ನೊಂದು ಗುಂಡಿಗೆ ಬೀಳುತ್ತಾರೆ. "ನಾನು ಇದ್ದದ್ದು ಇದ್ದಂಗೆ ಹೇಳೋನು" ಎಂದು ಸಿಕ್ಕವರನ್ನೆಲ್ಲ ಚುಚ್ಚುತ್ತಾರೆ. ಒಳ್ಳೆಯ ಮಾತಿಗೆ ಬುದ್ಧ ಐದು ಗುಣ ಹೇಳಿದ್ದಾನೆ: ಹೊತ್ತು ನೋಡಿ ಆಡಿದ್ದು, ನಿಜವಾದದ್ದು, ಮೃದುವಾದದ್ದು, ಉಪಯೋಗಕ್ಕೆ ಬರುವಂಥದ್ದು, ಒಳ್ಳೆಯ ಮನಸ್ಸಿನಿಂದ ಬಂದದ್ದು. ಮದುವೆ ಊಟದಲ್ಲಿ ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂದುಕೊಳ್ಳಿ. ಪಂಕ್ತಿಯಲ್ಲಿ ಎಲ್ಲರೆದುರು ಹೆಣ್ಣಿನ ತಂದೆಗೆ ಹೇಳಿದರೆ ಅದು ನಿಜವೇ, ಆದರೆ ಉಳಿದ ನಾಲ್ಕೂ ಇಲ್ಲ. ಮುಂದಿನ ಪಂಕ್ತಿಗೆ ಮೊದಲು ಅಡುಗೆ ಭಟ್ಟರ ಕಿವಿಗೆ ಹಾಕಿದರೆ ಸರಿಯಾಯಿತು. ಐದರಲ್ಲಿ ಒಂದು ಕೂಡದಿದ್ದರೂ ಬಾಯಿ ಮುಚ್ಚಿಕೊಂಡಿರಿ ಅನ್ನುವುದು ನನ್ನ ಖಡಕ್ ಸಲಹೆ.

ನಮ್ಮ ಕಡೆಗೆ ಈ ಮಾತೇನೂ ಹೊಸದಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಬಂಡೆ ಶಾಸನದಲ್ಲೂ ತಂದೆ ತಾಯಿಯ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿಸಿ, ನಿಜ ನುಡಿಯಿರಿ ಅಂತಲೇ ಇದೆ.

ಐದನೆಯದು ಸುಲಭ: ಕುಡಿಯಬೇಡಿ. "ಬರೀ ಬಿಯರ್" ಅನ್ನುವ ರಿಯಾಯಿತಿ ಇಲ್ಲ. ಗೆಳೆಯರು ಕರೆದರೆ ಮಂಡಕ್ಕಿ ಮಿರ್ಚಿ ತಿಂದು ಎದ್ದು ಬನ್ನಿ. ಮನೆಗೆ ಬಂದು "ಆಫೀಸಲ್ಲಿ ಲೇಟಾಯ್ತು" ಅನ್ನಬೇಡಿ, ಅಷ್ಟೇ.